ಗಾರೆ ಗೋಡೆಗೆ ಸಿಮೆಂಟ್ ಬಳಿಸಿದ್ವಿ

ನಾನು ಶಿವಗಂಗಮ್ಮ, ಹಳೇ ಕೆಂಗೇರಿಯವಳು. ಮರದ ಕಂಬ, ಹೆಂಚಿನ ಮಾಡು, ಉದ್ದನೆ ಜಗಲಿ ಇನ್ನೂ ಉಳಿಸ್ಕೊಂಡಿರೋ ನಾಲ್ಕೈದು ಮನೇಲಿ ನಮ್ದೂ ಒಂದು. ನಾನು ಮದುವೆಯಾಗಿ ಬಂದಾಗ ಬೀದಿ ಹೆಂಗಸರೆಲ್ಲ ಆ ಜಗಲಿ ಮೇಲೆ ಕೂತೇ ಅವರೆಕಾಯಿ ಸುಲೀತಿದ್ದಿದ್ದು. ಮಕ್ಕಳಿಗೆ ಪೋಲಿಯೋ ಹನಿ ಹಾಕ್ತಿದ್ದಿದ್ದೂ ಅಲ್ಲೇ. ಅಯ್ಯೋ, ಆ ಗಲಾಟೆ ಈಗ್ಲೂ ಕಿವೀಲಿದೆ.

ಮೂರು ವರ್ಷದ ಹಿಂದೆ ಗೋಡೆ ಅಲ್ಲಲ್ಲಿ ಉದುರ್ತಿತ್ತು. ಗಟ್ಟಿಯಾಗ್ಲಿ ಅಂತ ನಮ್ಮ ಯಜಮಾನ್ರು ಬೈರಯ್ಯ ಸಿಮೆಂಟ್ ಬಳಿಸಿದ್ರು. “ಬಳಿಸ್ರೀ” ಅಂದವಳು ನಾನೇ, ಸುಳ್ಳು ಯಾಕೆ ಹೇಳ್ಲಿ! ಮುಂದಿನ ಮಳೆಗಾಲಕ್ಕೇ ಗೋಡೆ ಒದ್ದೆ. ಬಣ್ಣ ಹಪ್ಪಳದ ಥರ ಗುಳ್ಳೆ ಎದ್ದು ಉದುರ್ತು. ಇನ್ನೊಂದು ಸಲ ಬಳಿಸಿದ್ವಿ. ಆಗ್ಲೂ ಒದ್ದೆ.

“ಹಳೇ ಗೋಡೆ ಕಣೇ, ಆಯಸ್ಸು ಮುಗೀತು. ಕೆಡವಿ ಆರ್‌ಸಿಸಿ ಕಟ್ಟೋಣ,” ಅಂದ್ರು ಯಜಮಾನ್ರು. ಸೋಮವಾರಕ್ಕೆ ಜೆಸಿಬೀನೂ ಗೊತ್ತು ಮಾಡಿದ್ರು. ನಂಗೆ ಊಟ ಸೇರ್ಲಿಲ್ಲ.

ಭಾನುವಾರ ಹೆಂಚು ಇಳಿಸೋಕೆ ಬಂದವನು ರಾಚಪ್ಪ, ಬಾದಾಮಿ ಕಡೆಯೋನು, ಹಳೇ ಮನೆ ಕೆಲಸ ಬಲ್ಲವನು. ಏಣಿ ಇಡೋಕೆ ಮುಂಚೆ ಗೋಡೆ ತಟ್ಟಿ ನೋಡಿದ.

“ಅಕ್ಕಾರ, ಇದಕ್ಕ ಸಿಮೆಂಟ್ ಯಾರ್ ಬಳದ್ರೀ?”

“ಗಾರೆ ಕೆಲಸದೋರೇ ಕಣಪ್ಪ!”

ನಕ್ಕುಬಿಟ್ಟ. “ಹೆಸರಷ್ಟ ಗಾರೆ ಉಳದೈತ್ರಿ. ಸುಣ್ಣದ ಗಾರೆ ಒಳಗಿನ ಹಸಿ ಹೊರಗ ಬಿಡತೈತಿ. ಸಿಮೆಂಟ್ ಬಿಡೂದಿಲ್ಲ. ನೀರು ಒಳಗ ಸಿಕ್ಕೊಂಡು ಗ್ವಾಡಿ ಹಾಳಾಗತೈತಿ.”

“ಹೋಗಯ್ಯ, ಸಿಮೆಂಟ್‌ಗಿಂತ ಸುಣ್ಣ ಹೆಚ್ಚಾ?” ಅಂದ್ರು ಯಜಮಾನ್ರು.

“ಸಿಮೆಂಟ್ ಹಚ್ಚಲಾರದ ಗ್ವಾಡಿ ಒಂದರ ಐತೇನ್ರಿ? ನೀವ ಮುಟ್ಟಿ ನೋಡ್ರಿ.”

ಇತ್ತು. ಸಿಮೆಂಟ್ ಸಾಲದೆ ಹಿಂದಿನ ಕೋಣೆ ಹಾಗೇ ಬಿಟ್ಟಿದ್ವಿ. ಯಜಮಾನ್ರು ಹೋಗಿ ಕೈ ಇಟ್ರು. ಒಣಗಿತ್ತು. ಅದೇ ವಯಸ್ಸಿನ ಗೋಡೆ, ಅದೇ ಮಳೆ! ಹೊರಗೆ ಬಂದು ಫೋನ್ ತಗೊಂಡು, “ನಾಳೆ ಜೆಸಿಬಿ ಬೇಡ ಕಣಣ್ಣ,” ಅಂದ್ರು. ನಂಗೆ ಅಳು ಬಂದುಬಿಡ್ತು.

ರಾಚಪ್ಪ ಸಿಮೆಂಟ್ ಕೆತ್ತಿ ತೆಗೆದ. ಗೋಡೇನ ಎರಡು ತಿಂಗಳು ಒಣಗೋಕೆ ಬಿಟ್ಟು, ಆಮೇಲೆ ಸುಣ್ಣ, ಮರಳು ಕಲಸಿ ಗಾರೆ ಹಾಕ್ದ. ಒಂದು ಕಂಬದ ಬುಡ ಕೊಳೆತಿತ್ತು. ಕೊಳೆತಷ್ಟನ್ನ ಮಾತ್ರ ಕತ್ತರಿಸಿ ಅದೇ ಜಾತಿ ಮರ ಸೇರಿಸಿದ. ಒಳಗೆ ಹೊಸ ವೈರಿಂಗ್, ಹಿತ್ತಲ ಕಡೆ ಹೊಸ ಬಚ್ಚಲು ಎಲ್ಲ ಆಯ್ತು. ಬೀದಿ ಕಡೆ ಮುಖ ಮಾತ್ರ ಮುಂಚಿನ ಹಾಗೇ ಇದೆ. ಈ ಮಳೆಗಾಲ ಗೋಡೆ ಒದ್ದೆಯಾಗ್ಲೇ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹಳೇ ಗೋಡೆ ಒದ್ದೆಯಾದ್ರೆ ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿ. ಸಿಮೆಂಟ್ ಬಳೀಬೇಡಿ, ಸುಣ್ಣದ ಕೆಲಸ ಬಲ್ಲವರನ್ನ ಕರೆಸಿ. ಕೆಟ್ಟಷ್ಟನ್ನೇ ರಿಪೇರಿ ಮಾಡಿಸಿ. ಎದುರುಮನೆ ದಾನಮ್ಮ ನಮಗಿಂತ ಮುಂಚೇನೇ ತನ್ನ ಹಳೇ ಮನೆ ಕೆಡವಿಸಿಬಿಟ್ಲು, ಪಾಪ. “ನಂಗೂ ಯಾರಾದ್ರೂ ಒಂದು ಮಾತು ಹೇಳಿದ್ರೆ!” ಅಂತ ಬಂದಾಗೆಲ್ಲ ಅಂತಾಳೆ. ಆಗ ನಂಗೇ ಗೊತ್ತಿರ್ಲಿಲ್ಲ. ನಿಮಗಾದ್ರೂ ಹೇಳ್ತಿದೀನಿ, ಕೆಡವೋಕೆ ಮುಂಚೆ ಒಂದ್ಸಲ ಸುಣ್ಣದ ಕೆಲಸ ಬಲ್ಲವರನ್ನ ಕೇಳಿ.