ಯಜಮಾನಿಗೆ ಉಸಿರು ಕಟ್ಟಿದ್ದು

ಕೆಟ್ಟು ನಿಲ್ಲುವುದಕ್ಕೆ ಆ ಲಾರಿಗೆ ಊರಲ್ಲಿ ಬೇರೆ ಜಾಗವೇ ಸಿಗಲಿಲ್ಲ. ವಾಹನ ತಪಾಸಣೆ ಮೈದಾನದ ಗೇಟಿಗೆ ಇನ್ನೂ ಇನ್ನೂರು ಹೆಜ್ಜೆ ಇದೆ ಅನ್ನುವಾಗ, ಸರಿಯಾಗಿ ಡ್ರೈವರನ ಬಾಮೈದನ ಮೆಕ್ಯಾನಿಕ್ ಶೆಡ್ಡಿನ ಮುಂದೆ, ಎರಡು ಸಲ ಕೆಮ್ಮಿ, ಒಮ್ಮೆ ಮೈ ನಡುಗಿಸಿ ನಿಂತುಬಿಟ್ಟಿತು.

ಡ್ರೈವರ್ ಕೀ ತಿರುಗಿಸಿದ. ಸ್ಟಾರ್ಟ್ ಆಯಿತು, ಗೇರಿಗೆ ಹಾಕುವಷ್ಟರಲ್ಲಿ ಮತ್ತೆ ಆರಿತು. ಸಂಜೆ ಐದರೊಳಗೆ ಇನ್‌ಸ್ಪೆಕ್ಟರ ಮುಂದೆ ಹೋಗಿ ನಿಲ್ಲದಿದ್ದರೆ ಪರವಾನಗಿ ರದ್ದು, ನೇರ ಗುಜರಿ. ಇಪ್ಪತ್ತಾರು ವರ್ಷದಿಂದ ಮನೆ ಮಂದಿಯೆಲ್ಲ 'ಯಜಮಾನಿ' ಎಂದು ಕರೆದುಕೊಂಡು ಬಂದ ಲಾರಿ ಅದು. ಅದು ಹೋದ ಮೇಲೆ ಅವನು ಏನು ಓಡಿಸಬೇಕು? ನೊಣ ಓಡಿಸಬೇಕು. ಆಗಲೇ ಮೂರೂವರೆ ಆಗಿತ್ತು.

ಪಕ್ಕದಲ್ಲಿ ಕೂತಿದ್ದ ಹೆಂಡತಿ, "ರೀ, ಇಳಿದು ನನ್ನ ತಮ್ಮನ್ನ ಒಂದು ಮಾತು ಕೇಳಿ. ಬಾಯಿ ಬಿಟ್ರೆ ಮುತ್ತೇನೂ ಉದುರಿಹೋಗಲ್ಲ" ಅಂದಳು.

"ಸತ್ರೂ ಕೇಳಲ್ಲ."

"ಸಾಯೋದು ನೀವಲ್ಲ, ಲಾರಿ."

ಭಾವ ಬಾಮೈದ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅದೂ ಒಂದೇ ಒಂದು ಪದಕ್ಕೆ. ಅವತ್ತು ಲಾರಿಯನ್ನು ತಳ್ಳಿ ಸ್ಟಾರ್ಟ್ ಮಾಡುತ್ತಿದ್ದರು. ಹಿಂದಿನಿಂದ ತಳ್ಳುತ್ತಿದ್ದ ಬಾಮೈದ, "ಬಿಡಿ ಭಾವ, ಬಿಡಿ!" ಎಂದು ಕೂಗಿದ. ಡ್ರೈವರಿಗೆ ಮೈಯೆಲ್ಲ ಉರಿಯಿತು. ನನ್ನ ಲಾರಿಯ ಆಸೆ ಬಿಡು ಅನ್ನುವುದಕ್ಕೆ ಇವನ್ಯಾರು? ಲಾರಿಯನ್ನು ನ್ಯೂಟ್ರಲ್ಲಿಗೆ ಹಾಕಿ, ಕೆಳಗಿಳಿದು, ಹಿಂತಿರುಗಿಯೂ ನೋಡದೆ ಮನೆಗೆ ನಡೆದ. ಲಾರಿ ಮಾತ್ರ ಯಾರ ಹಂಗೂ ಇಲ್ಲದೆ ಉರುಳಿಕೊಂಡು ಹೋಗಿ, ಬಾಮೈದನ ಹೊಸ ಶೆಡ್ಡಿನ ಗೋಡೆಯನ್ನು ತಳ್ಳಿ ಒಳಗೆ ಕೂತಿತು. ಅಲ್ಲಿಂದ ಇವನ ಮುಖ ಅವನು ನೋಡಲಿಲ್ಲ, ಅವನ ಮುಖ ಇವನು ನೋಡಲಿಲ್ಲ.

ಹೆಂಡತಿಯೇ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಮೆಕ್ಯಾನಿಕ್ ಸ್ಪ್ಯಾನರು, ಒಂದು ಕ್ಯಾನು, ಉದ್ದದ ಪೈಪು ಹಿಡಿದು ಬಂದ.

"ಅಕ್ಕಾ, ಮೊದಲೇ ಹೇಳಿದೀನಿ. ನಾನು ಗಾಡಿ ಹತ್ರ ಮಾತಾಡ್ತೀನಿ. ಬೇರೆ ಯಾರ ಹತ್ರನೂ ಅಲ್ಲ." ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದ: "ಏನಮ್ಮ ಯಜಮಾನಿ, ಎಷ್ಟು ದಿನದಿಂದ ಹೀಗೆ?"

ಯಜಮಾನಿ ಸುಮ್ಮನಿತ್ತು. ಮೆಕ್ಯಾನಿಕ್ಕೂ ಉತ್ತರ ಬಂದ ಹೊರತು ಅಲ್ಲಾಡುವ ಹಾಗೆ ಕಾಣಲಿಲ್ಲ. ಹೆಂಡತಿ ಕ್ಯಾಬಿನ್ನಿಗೆ ಹತ್ತಿ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು.

"ಮೂರು ದಿನದಿಂದ," ಎಂದ ಡ್ರೈವರ್. ಅವನು ಬೇಕೆಂದು ಮಾಡಿದ್ದಲ್ಲ, ದನಿ ತಾನಾಗಿಯೇ ಸಣ್ಣಗಾಗಿ ಹೆಂಗಸಿನದಾಗಿ ಬಂತು. "ಬೆಳಿಗ್ಗೆ ಏಳೋಕೇನೂ ಕಷ್ಟ ಇಲ್ಲ. ನಾಲ್ಕು ಮೈಲಿ ಹೋದ್ಮೇಲೆ ಎದೆ ಹಿಂಡಿದ ಹಾಗಾಗುತ್ತೆ."

"ನಿಲ್ಲೋ ಮುಂಚೆ ಹೊಗೆ ಬರುತ್ತಾ?"

"ಕರಿದೂ ಇಲ್ಲ, ಬಿಳಿದೂ ಇಲ್ಲ."

"ಹಾಗಾದ್ರೆ ಇಂಜಿನ್ನಿಗೆ ಡೀಸೆಲ್ಲೇ ಬರ್ತಿಲ್ಲ. ಫಿಲ್ಟರ್ ಬದಲಾಯಿಸಿದ್ದು ಯಾವಾಗ?"

"ಹೋದ ವಾರ ಹೊಸದು ಹಾಕಿಸ್ಕೊಂಡೆ."

"ಯಾರ ಹತ್ರ?"

"ಹೊರಗಡೆ," ಎಂದಿತು ಸಣ್ಣ ದನಿ.

ಮೆಕ್ಯಾನಿಕ್ಕನ ಮುಖ ಬಾಡಿತು. ಒಂಬತ್ತು ವರ್ಷ ಕಂಡವರೆಲ್ಲ ಯಜಮಾನಿಗೆ ಸ್ಪ್ಯಾನರ್ ಹಾಕಿದ್ದಾರೆ ಎಂದು ಅವನಿಗೆ ನಿಜವಾಗಿಯೂ ನೋವಾಯಿತು. ಅಷ್ಟರಲ್ಲಿ ಜನ ಸೇರಿದ್ದರು. ಯಾರಿಗೂ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಇನ್ನೊಬ್ಬ ಲಾರಿಯವನಂತೂ, "ಆಮೇಲೆ ನಮ್ಮದನ್ನೂ ಸ್ವಲ್ಪ ಮಾತಾಡಿಸಿ ಸಾರ್, ಮನೇಲಿ ಏನೂ ಹೇಳಲ್ಲ" ಎಂದು ಸರತಿಗೆ ನಿಂತ.

ಮೆಕ್ಯಾನಿಕ್ ಕ್ಯಾನಿಗೆ ಡೀಸೆಲ್ ಹಾಕಿ, ಕನ್ನಡಿಯ ಕಂಬಿಗೆ ನೇತುಹಾಕಿ, ಟ್ಯಾಂಕಿನ ಪೈಪು ಬಿಚ್ಚಿ, ಕ್ಯಾನಿನ ಪೈಪನ್ನು ಸೀದಾ ಇಂಜಿನ್ನಿನ ಪಂಪಿಗೆ ಕೊಟ್ಟ. ಪೈಪಿನೊಳಗಿನ ಗಾಳಿ ಹೋಗುವ ತನಕ ಕೈಪಂಪು ಒತ್ತಿ, "ಹೊಡಿಯಮ್ಮ" ಎಂದ. ಇಂಜಿನ್ ಎದ್ದಿತು. ಹತ್ತು ನಿಮಿಷವಾದರೂ ಒಂದು ಕೆಮ್ಮಿಲ್ಲ.

"ಪಂಪು ಸರಿಯಿದೆ. ಕಾಯಿಲೆ ಟ್ಯಾಂಕ್ ಕಡೆ," ಎಂದವನೇ ಟ್ಯಾಂಕಿನ ಹತ್ತಿರ ಹೋಗಿ ಬಗ್ಗಿದ. ಮುಚ್ಚಳಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಟ್ಯೂಬಿನ ರಬ್ಬರು ಬಿಗಿದಿತ್ತು. ಬಿಚ್ಚಿ ತಿರುಗಿಸಿದ ಕೂಡಲೇ ಟ್ಯಾಂಕು 'ಸುಯ್' ಎಂದು ಗಾಳಿ ಎಳೆದುಕೊಂಡಿತು. ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಲೆಂದೇ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ಅದೇ ಮುಚ್ಚಿದರೆ ಇಂಜಿನ್ ಎಳೆದೂ ಎಳೆದೂ ಸೋಲುತ್ತದೆ.

"ಯಜಮಾನಿ, ನಿನ್ನ ಮೂಗಿಗೆ ಚೀಲ ಕಟ್ಟಿದ ಪುಣ್ಯಾತ್ಮ ಯಾರು?"

ಡ್ರೈವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಮ್ಮ ಡ್ರೈವರ್ರು," ಎಂದಿತು ಸಣ್ಣ ದನಿ. "ಮೊನ್ನೆ ಮಳೆ ನೀರು ಇಳಿದೀತು ಅಂತ ಕಟ್ಟಿದ್ರು. ಪ್ರೀತಿ ಜಾಸ್ತಿ, ಬುದ್ಧಿ ಸ್ವಲ್ಪ ಕಮ್ಮಿ."

ಹೆಂಡತಿ ಸೆರಗು ಬಾಯಿಗೊತ್ತಿ ನಕ್ಕಳು. ಮೆಕ್ಯಾನಿಕ್ ನಗಲಿಲ್ಲ. ಟ್ಯಾಂಕಿನ ಪೈಪನ್ನು ಮತ್ತೆ ಪಂಪಿಗೆ ಜೋಡಿಸುತ್ತಾ ತಲೆ ಎತ್ತದೆ ಕೇಳಿದ:

"ಇನ್ನೊಂದು ಕೇಳ್ತೀನಿ. ಅವತ್ತು ನಾನು ಬಿಡಿ ಅಂದಿದ್ದು ಕ್ಲಚ್ಚನ್ನ, ಇಂಜಿನ್ ಏಳಲಿ ಅಂತ. ನಿಮ್ಮ ಡ್ರೈವರ್ರು ಯಾಕೆ ಇಳಿದು ಹೋದ್ರು?"

"ಕ್ಲಚ್ಚಾ?" ದನಿ ಒಡೆದು ಅರ್ಧ ಗಂಡಸಿನದಾಯಿತು. "ಅವರಿಗೆ 'ಹೋಗ್ಲಿ ಬಿಡಿ' ಅಂದ ಹಾಗೆ ಕೇಳಿಸ್ತು. ಗುಜರಿಗೆ ಹಾಕಿ ಅಂದ ಹಾಗೆ."

ಮೆಕ್ಯಾನಿಕ್ ಸ್ಪ್ಯಾನರನ್ನು ಸುಮ್ಮನೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಅಕ್ಕನ ಪಕ್ಕಕ್ಕೆ ಹತ್ತಿ ಕೂತು, "ಹೊರಡಮ್ಮ, ಐದಕ್ಕೆ ಹತ್ತು ನಿಮಿಷ ಇದೆ" ಎಂದು ಡ್ಯಾಶ್‌ಬೋರ್ಡಿಗೆ ಹೇಳಿದ.

ಮೈದಾನದಲ್ಲಿ ಇನ್‌ಸ್ಪೆಕ್ಟರ್ ಆಗಲೇ ಪುಸ್ತಕ ಮಡಚುತ್ತಿದ್ದರು. ಲಾರಿಯನ್ನು ಆರಿಸಿ ಮತ್ತೆ ಸ್ಟಾರ್ಟ್ ಮಾಡಿಸಿದರು, ಎರಡು ಸಲ. ಎರಡು ಸಲವೂ ಎದ್ದಿತು.

"ಇಷ್ಟು ಹಳೇ ಗಾಡಿಗೆ ಮೆಕ್ಯಾನಿಕ್ ಒಬ್ಬರು ಒಂದು ವರ್ಷದ ಹೊಣೆ ಹೊತ್ತು ಸಹಿ ಹಾಕ್ಬೇಕು. ಇವರೇನಾ?" ಅರ್ಜಿಯ ಮೇಲೆ ಪೆನ್ನಿಟ್ಟು ಡ್ರೈವರನ್ನು ನೋಡಿದರು. "ಸಂಬಂಧ ಬರೀಬೇಕು. ಇವರು ನಿಮಗೆ ಏನಾಗಬೇಕು?"

"ಇವರು ನನಗೆ..." ಸಣ್ಣ ದನಿ ರೂಢಿಯ ಮೇಲೆ ಹೊರಟಿತು.

"ರೀ, ನಾನು ಲಾರಿನ ಕೇಳ್ತಿಲ್ಲ, ನಿಮ್ಮನ್ನ ಕೇಳ್ತಿದೀನಿ. ಮೂರು ನಿಮಿಷ ಇದೆ. ಏನಾಗಬೇಕು?"

ಯಾರ ಹಿಂದೆಯೂ ಅವಿತುಕೊಳ್ಳುವ ಹಾಗಿರಲಿಲ್ಲ. ಡ್ರೈವರ್ ಗಂಟಲು ಸರಿಮಾಡಿಕೊಂಡ. ಬಂದ ದನಿ ಅವನದೇ, ದಪ್ಪಗೆ.

"ಬಾಮೈದ, ಸಾರ್. ಒಂಬತ್ತು ವರ್ಷದಿಂದ ಏನೂ ಆಗಿರ್ಲಿಲ್ಲ. ಈಗ ಬಾಮೈದ ಆಗಬೇಕು."

ಇನ್‌ಸ್ಪೆಕ್ಟರ್ 'ಬಾಮೈದ' ಎಂದಷ್ಟೇ ಬರೆದುಕೊಂಡು ಅರ್ಜಿಯನ್ನು ಮುಂದೆ ತಳ್ಳಿದರು. ಮೆಕ್ಯಾನಿಕ್ ಜೇಬು ತಡಕಿದ. ಆಮೇಲೆ ಲಾರಿಯ ಕಡೆ ತಿರುಗದೆ, ಅಕ್ಕನ ಕಡೆಯೂ ತಿರುಗದೆ, ನೇರವಾಗಿ ಡ್ರೈವರನ ಮುಖ ನೋಡಿ ಹೇಳಿದ:

"ಭಾವ, ಪೆನ್ನಿದ್ರೆ ಕೊಡಿ."