ಮೇಸ್ತ್ರಿ ತೊಳೆದ ಕಾಲು

ಈ ಫರಸಿ ಹಾಸಿದವನ ಕೈ ಸೇದಿಹೋಗಲಿ, ಎರಡು ಕಲ್ಲಿನ ನಡುವೆ ಬೆರಳು ತೂರುವಷ್ಟು ಸಂದು, ಒಂದು ಮೂಲೆ ಮೇಲೆದ್ದಿದೆ, ಎಡವಿದರೆ ಹೆಬ್ಬೆರಳಿನ ಉಗುರು ಕಿತ್ತು ಕೈಗೆ ಬರುತ್ತದೆ — ತಾಂಡೂರು ಸ್ಟೇಷನ್ನಿನ ಬೆಂಚಿನ ತುದಿಗೆ ಕೂತು, ಸೇಡಂ ಟಿಕೆಟ್ಟನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು, ಪೀರಪ್ಪ ಮೇಸ್ತ್ರಿ ಕಾಲ ಕೆಳಗಿನ ಕಲ್ಲನ್ನು ಬೈಯುತ್ತಿದ್ದ, ಬೈಯುವುದಕ್ಕೆ ಸದ್ಯಕ್ಕೆ ಅದೇ ಹತ್ತಿರ ಸಿಕ್ಕಿತ್ತು. ನೀಲಿ ಕಲ್ಲು, ತಮ್ಮ ಖಣಿಯದ್ದೇ, ಇಪ್ಪತ್ತೆರಡು ವರ್ಷ ಮೇಸ್ತ್ರಿಕೆ ಮಾಡಿದವನಿಗೆ ತಾನು ತೆಗೆಸಿದ ಕಲ್ಲು ಗೊತ್ತಾಗದೆ ಇರುತ್ತದೆಯೇ, ಒಣಗಿದ್ದರೆ ಬೂದಿ ಬಣ್ಣ, ನೀರು ಬಿದ್ದರೆ ನೀಲಿ, ಅಗೋ ಕೊಳಾಯಿಯ ಕೆಳಗೆ ಹೇಗೆ ನೀಲಿಯಾಗಿ ಹೊಳೆಯುತ್ತಿದೆ, ಥೂ, ಆ ಕಡೆ ನೋಡಬಾರದು. ಗಡಿಯಾರ ನೋಡಿದ, ಹತ್ತಕ್ಕೆ ಐದು ಕಮ್ಮಿ. ಗಾಡಿ ಇಪ್ಪತ್ತು ನಿಮಿಷ ಲೇಟಂತೆ, ಬೇಕಾದ ದಿನವೇ ಲೇಟು, ಇವರಪ್ಪನ ಮನೆಯ ಗಾಡಿ. ಕೋರ್ಟು ಹನ್ನೊಂದಕ್ಕೆ. ಹನ್ನೊಂದಕ್ಕೆ ಜವಾನ ಹೊರಗೆ ಬಂದು ಮೂರು ಸಲ ಹೆಸರು ಕೂಗುತ್ತಾನೆ, ಕೂಗಲಿ, ಗಂಟಲು ಹರಿಯಲಿ, ಇದು ಮೂರನೇ ತಾರೀಖು, ಹಿಂದಿನ ಎರಡಕ್ಕೂ ಪಂಚರಲ್ಲಿ ಒಬ್ಬನೂ ಹೋಗಲಿಲ್ಲ, ಈ ಸಲವೂ ಬರದಿದ್ದರೆ ಕೇಸು ಮುಚ್ಚುತ್ತೇನೆ ಅಂದಿದ್ದಾರಂತೆ ಜಡ್ಜು ಸಾಹೇಬರು, ಮುಚ್ಚಲಿ, ಪುಣ್ಯ ಬರಲಿ ಅವರಿಗೆ. ಬೆಳಿಗ್ಗೆ ದ್ರೌಪದಿ ಕೇಳಿದಳು, ಕೋರ್ಟಿಗಿ ಹೊಂಟೀರೋ ಊರಿಗಿ ಹೊಂಟೀರೋ, ಇವನು ಕೋರ್ಟಿಗೇ ಅಂದ, ಆಕೆ ಆರು ರೊಟ್ಟಿ ಅರಿವೆಯಲ್ಲಿ ಕಟ್ಟಿ ಕೊಟ್ಟಳು. ಕೋರ್ಟಿಗೆ ಹೋಗುವವನಿಗೆ ಯಾರು ರೊಟ್ಟಿ ಕಟ್ಟುತ್ತಾರೆ? ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಹೆಂಗಸು, ಬಾಯಿ ಬಿಟ್ಟು ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ರೊಟ್ಟಿ ಕಟ್ಟಿ ಬೈದಳು.

ಪಂಚರಂತೆ ಪಂಚರು. ಹೆಣದ ಪಂಚನಾಮೆಗೆ ಐದು ಜನ ಬೇಕು ಅಂತ ಹೆಸರಿಗೆ, ಸಿಕ್ಕಿದ್ದು ನಾಲ್ಕು, ಪೊಲೀಸ್ ಜೀಪು ಊರೊಳಗೆ ಬಂತು ಅಂದರೆ ಸಾಕು ಬಾಗಿಲುಗಳು ಪಟಪಟ ಬೀಳುತ್ತವೆ, ಗಂಡಸರೆಲ್ಲ ಜೋಳದ ಹೊಲ ಸೇರುತ್ತಾರೆ, ಓಡಲಿಕ್ಕೆ ಆಗದೆ ಉಳಿದವರೇ ಸರ್ಕಾರದ ಲೆಕ್ಕದಲ್ಲಿ ಊರಿನ ಗೌರವಸ್ಥರು. ಮನ್ಮಥಪ್ಪ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ನಿಂತಿದ್ದ, ಬಿಟ್ಟು ಓಡಿದರೆ ಗಿರಾಕಿ ಬೆಲ್ಲ ಎತ್ತಿಕೊಂಡು ಹೋಗುತ್ತಾನೆ, ಸಿಕ್ಕಿಬಿದ್ದ. ಶಂಕ್ರೆಪ್ಪನ ಹಿಟ್ಟಿನ ಗಿರಣಿ ತಿರುಗುತ್ತಿತ್ತು, ಜೀಪಿನ ಸಪ್ಪಳವೇ ಕೇಳಲಿಲ್ಲ. ಆತ್ಮಾರಾಮ ದರ್ಜಿ ಕುಂಟ, ಅವನು ಎಲ್ಲಿಗೆ ಓಡಿಯಾನು. ಇನ್ನು ನಾನು — ನಾನು ಅಲ್ಲೇ ಇದ್ದೆನಲ್ಲ, ಹೆಣದ ಹತ್ತಿರವೇ, ಕೈಯಲ್ಲಿ ನೀರಿನ ಕೊಡ ಹಿಡಿದು. ಆಮೇಲೆ ಸಮನ್ಸು ಬಂದಾಗ ನೋಡಬೇಕಿತ್ತು ಈ ಗೌರವಸ್ಥರ ಮುಖ. ನೀ ಹೋಗ್ತೀ ಅಂದ್ರ ನಾನೂ ಬರ್ತೀನಿ, ಅಲ್ಲ ನೀ ಮುಂದ ಆಗು, ಮೇಸ್ತ್ರಿ ನೀನೇ ಹಿರ್ಯ ಮನುಷ್ಯ, ನೀ ಹೇಳಿದ್ದೇ ನಾವೂ ಹೇಳ್ತೀವಿ. ನಿನ್ನೆ ಗಿರಣಿಯ ಕಟ್ಟೆಗೆ ಕೂತು ನಾಲ್ವರೂ ಕೋರ್ಟಿಗೆ ಹೋಗುವುದೇ ಅಂತ ಶಿವನ ಆಣೆ ಮಾಡಿ ಹೇಳಿದರು. ಆತ್ಮಾರಾಮನಿಗೆ ಮಾತ್ರ ನಾರಾಯಣಖೇಡದಲ್ಲಿ ಹೆಣ್ಣು ನೋಡುವ ಕೆಲಸವಂತೆ, ತಮ್ಮನಿಗೆ, ಆದರೂ ಮುಗಿಸಿಕೊಂಡು ನೆಟ್ಟಗೆ ಕೋರ್ಟಿಗೇ ಬರುತ್ತಾನಂತೆ. ಅಯ್ಯೋ ಶಿವನೇ, ಅಲ್ಲಿ ಟಿಕೆಟ್ಟಿನ ಕಿಟಕಿಯ ಹತ್ತಿರ ಕುಂಟುತ್ತಾ ಬರುತ್ತಿರುವವನು ಯಾರು? ನಾರಾಯಣಖೇಡಕ್ಕೆ ಯಾವ ರೈಲು ಹೋಗುತ್ತದೋ ಹಲ್ಕಟ್? ಆತ್ಮಾರಾಮ ಇವನನ್ನು ನೋಡಿ ಹಿಂದೆ ತಿರುಗಿದ, ತಿರುಗಿದರೆ ಎದುರಿಗೆ ಶಂಕ್ರೆಪ್ಪ, ತಲೆಗೆ ಟವೆಲ್ಲು ಸುತ್ತಿದ್ದಾನೆ ಆದರೆ ಕಿವಿಯ ಕೂದಲಿನಲ್ಲಿ ಜೋಳದ ಹಿಟ್ಟು ಹಾಗೇ ಇದೆ, ಈ ನಾಲಾಯಕನಿಗೆ ವೇಷ ಹಾಕಲೂ ಬರುವುದಿಲ್ಲ. ಮನ್ಮಥಪ್ಪ ಮೊದಲೇ ಬಂದು ನೀರಿನ ಟ್ಯಾಂಕಿನ ಹಿಂದೆ ನಿಂತಿದ್ದನಂತೆ, ಈಗ ಹಲ್ಲು ಕಿಸಿಯುತ್ತಾ ಹೊರಗೆ ಬಂದ. ನಾಲ್ಕೂ ಜನ ಒಂದೇ ಬೆಂಚಿಗೆ ಕೂತರು. ಯಾರೂ ಯಾರನ್ನೂ ಎಲ್ಲಿಗೆ ಅಂತ ಕೇಳಲಿಲ್ಲ. ಗಡಿ ದಾಟಿದರೆ ಕರ್ನಾಟಕ, ಅಲ್ಲಿಗೆ ಈ ಕೋರ್ಟಿನ ಅಮೀನ ಸಮನ್ಸು ಹಿಡಿದು ಸೈಕಲ್ ತುಳಿದುಕೊಂಡು ಬರಲಾರ, ಸಂಜೆ ಇದೇ ಗಾಡಿಗೆ ವಾಪಸು, ಊರಿಗೆ ಊರೇ ಹೀಗೆ ಬದುಕಿದೆ. ಮನ್ಮಥಪ್ಪ ಅಂದ, ಇವತ್ತ ಬಿಸಿಲ ಭಾಳ ಅದ. ಹೌದು ಭಾಳ ಅದ, ಅಂದ ಶಂಕ್ರೆಪ್ಪ. ಬೇಶರಂ ಮಂದಿ, ಇವರ ಮುಖಕ್ಕೆ ಉಗಿಯಬೇಕು ಅನಿಸಿತು ಪೀರಪ್ಪನಿಗೆ, ಉಗಿದರೆ ತನ್ನ ಮೇಲೂ ಹನಿ ಸಿಡಿಯುವಷ್ಟು ಹತ್ತಿರ ಕೂತಿದ್ದರು.

ಇವರಿಗೇನು, ಇವರು ಸಹಿ ಮಾಡಿದವರು ಅಷ್ಟೇ, ಇನ್ಸ್‌ಪೆಕ್ಟರು ತೆಲುಗಿನಲ್ಲಿ ಏನು ಬರೆದನೋ ಯಾರು ಓದಿದರು, ರಸ್ತೆಯ ಮೇಲೆ ಲಾರಿ ಬಡಿದು ಸತ್ತ ಅಂತ ಬರೆದನಂತೆ, ಕೆಳಗೆ ಮನ್ಮಥಪ್ಪ ಕನ್ನಡದಲ್ಲಿ ಸಹಿ ಹಾಕಿದ, ಶಂಕ್ರೆಪ್ಪ ಹೆಬ್ಬೆಟ್ಟು ಒತ್ತಿದ. ನೋಡಿದವನು ನಾನು. ಅದರ ಹಿಂದಿನ ದಿನ ಮಧ್ಯಾಹ್ನ ನನ್ನ ಕೈಕೆಳಗಿನ ಕೂಲಿ ಕಿಷ್ಟಪ್ಪ ಕಲ್ಲು ಎಬ್ಬಿಸುವ ಸಬ್ಬಲ್ಲು ಕೆಳಗಿಟ್ಟು ಹೇಳಿದ್ದ, ಮೇಸ್ತ್ರೀ, ಮ್ಯಾಲಿನ ಪದರ ಬಾಯಿ ಬಿಟ್ಟದ, ಇವತ್ತ ಅದರ ಬುಡಕ ಬ್ಯಾಡ್ರಿ. ನಾನೇನು ಅಂದೆ, ಹೆದರಿಕಿ ಇದ್ರ ಕೈಯಾಗ ಬಳಿ ಇಟ್ಕೊಂಡು ಮನ್ಯಾಗ ಕೂಡು, ಅಂದೆ. ಎಲ್ಲ ಮೇಸ್ತ್ರಿಗಳೂ ಹಾಗೇ ಅನ್ನುತ್ತಾರೆ, ಹಾಗೆ ಅನ್ನದಿದ್ದರೆ ಒಂದು ಕಲ್ಲೂ ಮೇಲೆ ಬರುವುದಿಲ್ಲ, ಹೊತ್ತು ಮುಳುಗುವಾಗ ಪದರ ಕುಸಿದ ಸಪ್ಪಳ ಬಂತು, ಖಣಿಯ ಸಾಹುಕಾರ ನನ್ನ ಭುಜ ಹಿಡಿದು ನೀ ಮನಿಗಿ ನಡಿ ಪೀರಪ್ಪ, ನಾ ನೋಡ್ಕೋತೀನಿ ಅಂದ, ನಾನು ನಡೆದೆ, ಹಿಂತಿರುಗಿ ನೋಡಲಿಲ್ಲ, ನೋಡಬೇಕಿತ್ತೇ, ನೋಡಿ ಏನು ಕಿಸಿಯುವುದಿತ್ತು. ಬೆಳಗಾಗುತ್ತಲೇ ಕಿಷ್ಟಪ್ಪ ಕೆಂಪು ಮೊರಮಿನ ರಸ್ತೆಯ ಮೇಲೆ ಮಲಗಿದ್ದ, ಮೇಲೆ ಗೋಣಿಚೀಲ, ಸುತ್ತ ಕೇರಿಯ ಹೆಂಗಸರ ಗೋಳು, ಚೀಲ ಗಿಡ್ಡ, ಕಾಲು ಹೊರಗೆ. ಮೊಣಕಾಲಿನ ತನಕ ನೀಲಿ ರಾಡಿ. ಕೆಂಪು ರಸ್ತೆಯ ಮೇಲೆ ಸತ್ತವನ ಕಾಲಿಗೆ ನೀಲಿ ರಾಡಿ ಎಲ್ಲಿಂದ ಬರಬೇಕು? ಸಾಹುಕಾರ ಜೀಪಿನಿಂದ ಇಳಿಯಲೂ ಇಲ್ಲ, ಕಾಲ ನೋಡಿದಿಯೇನು ಪೀರಪ್ಪ, ಅಂದ, ಅಷ್ಟೇ, ಹೋದ. ಅಷ್ಟರಲ್ಲಿ ನನಗೆ ರಿವಾಜು ನೆನಪಾಯಿತು, ಬುದ್ಧಿವಂತ ನೋಡು ನಾನು. ನಮ್ಮ ಖಣಿಯ ರಿವಾಜು, ಕಲ್ಲಿಗೆ ಸಿಕ್ಕು ಸತ್ತವನ ಕಾಲನ್ನು ಅವನ ಮೇಸ್ತ್ರಿ ತೊಳೆಯಬೇಕು, ಇಲ್ಲದಿದ್ದರೆ ಆ ಕಾಲುಗಳು ಮತ್ತೆ ಖಣಿಗೆ ನಡೆದುಕೊಂಡು ಬರುತ್ತವೆ ಅಂತಾರೆ, ನನ್ನಪ್ಪನೂ ಮೇಸ್ತ್ರಿಯಾಗಿದ್ದಾಗ ಇಬ್ಬರಿಗೆ ತೊಳೆದಿದ್ದ, ದೂರದಿಂದ ನೀರು ಸುರಿಯುತ್ತಿದ್ದ, ಅವರ ಪೈಕಿಯವರು ತಿಕ್ಕುತ್ತಿದ್ದರು, ಜಾತಿ ಮೈಲಿಗೆಯಾಗಬಾರದಲ್ಲ. ನಾನು ಕೊಡ ತಂದೆ. ಸುರಿದರೆ ಹೋಗಲಿಲ್ಲ ರಾಡಿ, ಒಣಗಿ ಹಿಡಿದುಬಿಟ್ಟಿತ್ತು, ಪೊಲೀಸ್ ಜೀಪಿನ ಸಪ್ಪಳ ಹತ್ತಿರ ಬಂತು, ಕುಕ್ಕುರುಗಾಲಲ್ಲಿ ಕೂತು ಎರಡೂ ಕೈಯಿಂದ ತಿಕ್ಕಿದೆ, ಮೊಣಕಾಲು, ಹಿಮ್ಮಡಿ, ಬೆರಳ ಸಂದು. ಆಗ ಹೆಂಗಸರ ಗೋಳಿನ ದನಿಯೇ ಬದಲಾಯಿತು, ನೋಡ್ರೇ ಯವ್ವಾ, ಮೇಸ್ತ್ರಿ ಕೈಲೇ ಮುಟ್ಟಿ ತೊಳ್ಯಾಕ ಹತ್ಯಾರ, ನಮ್ಮಾತನ ಕಾಲ ಮುಟ್ಟ್ಯಾರ, ಅಂತ ಅತ್ತರು. ಕ್ಯಾ ಕರ್ ರಹೇ, ಅಂದ ಇನ್ಸ್‌ಪೆಕ್ಟರ್. ರಿವಾಜು ಸಾಬ್, ಅಂದೆ. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ನನಗೆ ಮರ್ಯಾದೆ ಕೊಟ್ಟ, ಕೇಳಿದಿರಾ, ಮರ್ಯಾದೆ! ಎಲ್ಲಾ ಹೋಯಿತು, ಬಲಗಾಲಿನ ಹೆಬ್ಬೆರಳಿನ ಉಗುರಿನ ಸಂದಿನದು ಮಾತ್ರ ಹೋಗಲಿಲ್ಲ, ನನ್ನ ಉಗುರಿನಿಂದ ಕೆರೆದೆ, ಹೋಗಲಿಲ್ಲ, ಹೊತ್ತಾಗಿತ್ತು, ಎದ್ದು ನಿಂತೆ.

ಆವತ್ತಿನಿಂದ ಕೇರಿಯ ಮಂದಿ ಇವನನ್ನು ಕಂಡರೆ ಚಪ್ಪಲಿ ಕಳಚಿ ನಿಲ್ಲುತ್ತಾರೆ. ಹಾಳಾಗಿ ಹೋಗಲಿ, ಯಾಕೆ ನಿಲ್ಲಬೇಕು, ಯಾರು ಕೇಳಿದ್ದರು. ಮತ್ತೆ ನಿನ್ನೆ ಸಂಜೆ ಬಾಲಮಣಿ ಬಂದಳು, ಕಿಷ್ಟಪ್ಪನ ಹೆಂಡತಿ, ಕೇಸು ಹಾಕಿದವಳು ಅವಳೇ, ಗಂಡ ಖಣಿಯೊಳಗೆ ಸತ್ತ, ಹೆಣ ತಂದು ರಸ್ತೆಗೆ ಹಾಕಿದರು ಅಂತ ಸಾಹುಕಾರನ ಮೇಲೆ ಕೇಸು, ಕೂಲಿ ಹೆಂಗಸಿಗೆ ಎಂಥ ಎದೆ ನೋಡು. ಅಂಗಳದಿಂದ ಆಚೆಯೇ ನಿಂತಳು, ದ್ರೌಪದಿ ಒಳಗೆ ಬಾ ಅಂದರೂ ಬರಲಿಲ್ಲ. ಅಪ್ಪಾ, ನಮ್ಮವರ ಕಾಲ ನೀವು ಕೈಲೇ ಮುಟ್ಟಿ ತೊಳದೀರಿ, ನಮ್ಮ ಕೇರಿ ಇನ್ನಾ ಮರ್ತಿಲ್ಲರಿ, ಅಂದಳು. ಇರಲಿ ಇರಲಿ, ಅಂದ ಇವನು, ಹೊತ್ತಾತು, ಮನಿಗಿ ಹೋಗವ್ವಾ. ಅವಳು ಹೋಗಲಿಲ್ಲ. ನೆಲ ನೋಡುತ್ತಾ ಅಂದಳು, ಲಾರಿ ಬಡದು ಸತ್ತೋರ ಕಾಲ ಮೇಸ್ತ್ರಿ ತೊಳ್ಯಂಗಿಲ್ಲಲ್ಲರೀ ಅಪ್ಪಾ, ಖಣ್ಯಾಗ ಸತ್ತೋರದೇ ತೊಳೀತಾರ. ನೀವು ತೊಳದೀರಿ. ನಾಳಿ ಅಷ್ಟೇ ಹೇಳ್ರಿ, ಬ್ಯಾರೇ ಏನೂ ಬ್ಯಾಡ. ಒಂದೂವರೆ ವರ್ಷ, ಒಂದೂವರೆ ವರ್ಷದಿಂದ ಯಾರಿಗೂ ಹೊಳೆದಿರಲಿಲ್ಲ, ಇನ್ಸ್‌ಪೆಕ್ಟರನಿಗೆ, ಸಾಹುಕಾರನಿಗೆ, ವಕೀಲರಿಗೆ, ಇವನಿಗೂ ಹೊಳೆದಿರಲಿಲ್ಲ, ಊರ ಮುಂದೆ ಕುಕ್ಕುರುಗಾಲಲ್ಲಿ ಕೂತು ತಾನೇ ಸಾಕ್ಷಿ ಹೇಳಿಬಿಟ್ಟಿದ್ದ, ಅಳಿಸುವುದಕ್ಕೆ ಅಂತ ಹೋಗಿ ಕೂಗಿ ಹೇಳಿದ್ದ, ಕೇಳಿಸಿಕೊಂಡವಳು ಇವಳೊಬ್ಬಳು. ಹಾಗಿದ್ದರೆ ಆವತ್ತೇ ಗೊತ್ತಿತ್ತೇ ಇವಳಿಗೆ? ಗೊತ್ತಿದ್ದೂ ಕೈ ಮುಗಿಯುತ್ತಿದ್ದಳೇ? ನನಗ ಹೇಳಾಕ ಬರ್ತೀ ಏನು, ಅಂತ ಜೋರು ಮಾಡಿದ, ನಡಿ ನಡಿ ಅಂತ ಕೈ ಎತ್ತಿದ, ಅವಳು ಇವನು ನಿಂತಿದ್ದ ಕಡೆಗೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದಳು. ಸುಟ್ಟುಹೋಗಲಿ ಅವಳ ನಮಸ್ಕಾರ. ನಾನು ಹೋಗಿ ಹೇಳಿದರೆ ನಾಳೆ ಸಾಹುಕಾರ ಮನೆ ಖಾಲಿ ಮಾಡು ಅಂತಾನೆ, ಮನೆ ಅವನ ಜಾಗದಲ್ಲಿ ಇದೆ, ಮೇಸ್ತ್ರಿಕೆ ಅವನು ಕೊಟ್ಟದ್ದು, ಐವತ್ತಾರನೇ ವಯಸ್ಸಿಗೆ ನಾನು ಯಾರ ಖಣಿಯಲ್ಲಿ ಸಬ್ಬಲ್ಲು ಹಿಡಿಯಲಿ. ಅದಲ್ಲ, ಅದೂ ಅಲ್ಲ. ಹೇಳಿದರೆ ಕೇರಿಯವರಿಗೆ ಗೊತ್ತಾಗುತ್ತದೆ ಆವತ್ತು ನಾನು ಯಾಕೆ ಮುಟ್ಟಿದೆ ಅಂತ.

ಗಾಡಿ ಬಂತು, ಥೂ, ಈಗ ಬಂತು. ಮೂವರೂ ಎದ್ದು ನೂಕಾಡಿ ಹತ್ತಿದರು, ಕುಂಟ ಎಲ್ಲರಿಗಿಂತ ಮೊದಲು ಹತ್ತಿದ. ಬಾರೋ ಮೇಸ್ತ್ರಿ, ಜಾಗಾ ಹಿಡದೀನಿ, ಅಂತ ಮನ್ಮಥಪ್ಪ ಕಿಟಕಿಯಿಂದ ಕೈ ಬೀಸಿದ. ಕೋರ್ಟು ಹಿಂದೆಯೇ, ಹತ್ತು ನಿಮಿಷದ ದಾರಿ, ಬೇವಿನ ಮರ ದಾಟಿದರೆ ಆಯಿತು, ಅಲ್ಲಿ ಕಟ್ಟೆಯ ಮೇಲೆ ಬಾಲಮಣಿ ಕೂತಿರುತ್ತಾಳೆ, ಬೆಳಿಗ್ಗೆ ಎಂಟಕ್ಕೇ ಬಂದು ಕೂತಿರುತ್ತಾಳೆ, ಒಬ್ಬೊಬ್ಬರ ಮುಖ ನೋಡುತ್ತಾ. ನೋಡಲಿ. ಕೋರ್ಟಿಗೆ ಹೋಗುವ ಗಂಡಸರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೆ, ನಾನೊಬ್ಬನೇ ಏನು ಹರಿಶ್ಚಂದ್ರನ ಮೊಮ್ಮಗನೇ, ಕಾಲು ಹತ್ತಿತು, ಮೆಟ್ಟಿಲಿನ ಮೇಲೆ ಒಂದು, ಇನ್ನೊಂದು, ಹತ್ತಿಬಿಟ್ಟ. ಗಾಡಿ ಹೊರಟಿತು, ಖಣಿಗಳು, ಕಲ್ಲಿನ ರಾಶಿಗಳು, ಬಿಳಿ ಬಿಸಿಲು. ಮನ್ಮಥಪ್ಪ ನಾಚಿಕೆಯಿಲ್ಲದೆ ರೊಟ್ಟಿಯ ಗಂಟು ಬಿಚ್ಚಿದ, ಮೇಸ್ತ್ರಿ ಮನಿ ಪುಂಡಿಪಲ್ಯ ಭಾರಿ ಇರ್ತದ ನೋಡು, ಶಂಕ್ರೆಪ್ಪ ಎರಡು ಎತ್ತಿಕೊಂಡ, ದ್ರೌಪದಿ ಆರು ಯಾಕೆ ಕಟ್ಟಿದಳು, ಇವರೂ ಬರುತ್ತಾರೆ ಅಂತ ಅವಳಿಗೆ ಮೊದಲೇ ಗೊತ್ತಿತ್ತೇ? ನವಂದಗಿ ದಾಟಿತು. ಆತ್ಮಾರಾಮ ಕೈಗಡಿಯಾರ ನೋಡಿ, ಹನ್ನೊಂದ ಆತು, ಅಂದ, ಒಂದು ಗಳಿಗೆ ಯಾರೂ ಅಗಿಯಲಿಲ್ಲ, ಆಮೇಲೆ ಅಗಿದರು. ಮನ್ಮಥಪ್ಪ ಹಾಜರ್ ಹೈ, ಅಂತ ಕೂಗುತ್ತಿರುತ್ತಾನೆ ಜವಾನ, ಶಂಕ್ರೆಪ್ಪ ಹಾಜರ್ ಹೈ, ಪೀರಪ್ಪ, ಪೀರಪ್ಪ, ಮೂರನೇ ಸಲ ಪೀರಪ್ಪ, ಆ ಹೆಂಗಸು ಕಟ್ಟೆಯಿಂದ ಎದ್ದು ನಿಂತಿರುತ್ತಾಳೆ. ಮುಗಿಯಿತು. ಇನ್ನು ಮುಗಿಯಿತು, ಮುಚ್ಚಿತು ಕೇಸು, ಹಗುರಾಗಬೇಕಲ್ಲ, ಯಾಕೆ ಆಗಲೊಲ್ಲದು, ಗಂಟಲಿನಲ್ಲಿ ರೊಟ್ಟಿ ನಿಂತಿದೆ. ನೀರ್ ಕುಡಿ ಮೇಸ್ತ್ರಿ, ಅಂತ ಮನ್ಮಥಪ್ಪ ಚೊಂಬು ಕೊಟ್ಟ. ಚೊಂಬು ಹಿಡಿದು ತಲೆ ಬಗ್ಗಿಸಿದ, ಬಗ್ಗಿಸಿದರೆ ಕೆಳಗೆ ಎರಡು ಬೆಂಚಿನ ನಡುವೆ ಯಾವನೋ ಮಲಗಿದ್ದಾನೆ, ಯಾವುದೋ ಖಣಿಯ ಕೂಲಿ, ಪಾಳಿ ಮುಗಿಸಿ ಊರಿಗೆ ಹೊರಟವನು, ಮುಖದ ತುಂಬ ಟವೆಲ್ಲು ಹೊದ್ದಿದ್ದಾನೆ, ಕಾಲು ಇವನ ಕಡೆಗೆ. ಯಾವಾಗ ಬಂದು ಮಲಗಿದ? ಹತ್ತುವಾಗ ಇದ್ದನೇ? ಎಬ್ಬಿಸಿ ಆಚೆ ಕಳಿಸು ಇವನನ್ನು, ಏ, ಏ ಮಾರಾಯ, ಕಾಲು ತಗೀ — ತನ್ನ ಕಾಲನ್ನೇ ಬೆಂಚಿನ ಕೆಳಗೆ ಎಳೆದುಕೊಂಡ. ತೊಳೆದುಕೊಂಡೇ ಬಂದಿದ್ದಾನೆ ಪಾಪ, ಹಿಮ್ಮಡಿ ಬೆಳ್ಳಗಿದೆ, ಬೆರಳ ಸಂದು ಬೆಳ್ಳಗಿದೆ. ಕುಡಿಯೋ, ಏನ್ ನೋಡ್ತಿ, ಅಂದ ಮನ್ಮಥಪ್ಪ. ಕೈಯಲ್ಲಿ ಚೊಂಬು, ಚೊಂಬಿನಲ್ಲಿ ನೀರು, ನೀರು ಕುಲುಕುತ್ತಿದೆ, ಬಲಗಾಲು, ಹೆಬ್ಬೆರಳು, ಉಗುರಿನ ಸಂದಿನಲ್ಲಿ ನೀಲಿ ರಾಡಿ.