ಯಾಸೆನ್‌ನ ಪಾಸ್‌ವರ್ಡ್

ನನ್ನ ಗಂಡ ಯಾಸೆನ್ ತೀರಿಕೊಂಡ ನಲವತ್ತನೆಯ ದಿನದ ತಿಥಿಯೂಟದಲ್ಲಿ, ಬೇಯಿಸಿದ ಗೋಧಿ ಬಡಿಸುತ್ತಿದ್ದ ಅವನ ತಾಯಿಗೆ ಎಲ್ಲರ ಎದುರೇ ಹೇಳಿದೆ: "ನಿಮ್ಮ ಮಗ ಸಾಯೋಕೆ ಮುಂಚೆ ಪಾಸ್‌ವರ್ಡ್ ಬದಲಾಯಿಸಿದಾನೆ. ನನ್ನಿಂದ ಏನೋ ಮುಚ್ಚಿಟ್ಟಿದಾನೆ."

ಅತ್ತೆ ತ್ಸೊಂಕಾ ಚಮಚ ಕೆಳಗಿಟ್ಟರು. ಅವರ ತಂಗಿ ಪೆಂಕಾ, "ಗಂಡಸರು ಅಂದ್ರೆ ಹಾಗೇ ಬಿಡು," ಎಂದಳು. ಉಳಿದವರು ತಟ್ಟೆ ನೋಡಿಕೊಂಡು ತಿಂದರು.

ಅವನ ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ನನಗೆ ಆರು ವರ್ಷದಿಂದ ಗೊತ್ತು: ನಮ್ಮ ನಾಯಿಯ ಹೆಸರು, ಇಂಗ್ಲಿಷ್‌ನಲ್ಲಿ ಬಳಸುವ ಲ್ಯಾಟಿನ್ ಅಕ್ಷರಗಳಲ್ಲಿ. ಈಗ ಅದು ಒಪ್ಪುತ್ತಿರಲಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿದೆ. ಕ್ಯಾಪ್ಸ್ ಲಾಕ್ ನೋಡಿದೆ. ಪರದೆಯ ಮೇಲೆ ಬರೀ ಕಪ್ಪು ಚುಕ್ಕೆಗಳು.

ಕೊನೆಗೆ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಕಿಂಚೊ ನನ್ನನ್ನು ಬಲ್ಲ. ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಅವನ ತಂದೆ ನನ್ನಿಂದಲೇ ಕಂಪ್ಯೂಟರ್ ಕಲಿತವರು.

"ಕೊನೇಲಿ ಇದರಲ್ಲಿ ಏನು ಟೈಪ್ ಮಾಡಿದ್ರಿ ಮೇಡಂ?"

"ಸಾವಿನ ಚೀಟಿ." ಯಾಸೆನ್‌ನ ಫೋಟೊ ಇಟ್ಟು ನಾನೇ ಬರೆದು, ಮನೆಬಾಗಿಲಿಗೆ ಅಂಟಿಸಿದ್ದೆ. ಅವತ್ತು ಲ್ಯಾಪ್‌ಟಾಪ್ ಅವನು ಬಿಟ್ಟಂತೆಯೇ ತೆರೆದಿತ್ತು, ಪಾಸ್‌ವರ್ಡ್ ಕೇಳಿರಲಿಲ್ಲ.

"ಬಲ್ಗೇರಿಯನ್‌ನಲ್ಲಾ?"

"ಮತ್ತಿನ್ಯಾವುದರಲ್ಲಿ?"

ಅವನು ಎಡಗೈಯಲ್ಲಿ ಆಲ್ಟ್, ಶಿಫ್ಟ್ ಎರಡನ್ನೂ ಒಟ್ಟಿಗೆ ಒತ್ತಿದ. "ಈಗ ಹೊಡೀರಿ."

ತೆರೆಯಿತು. ಚೀಟಿ ಬರೆದ ದಿನದಿಂದ ಕೀಬೋರ್ಡ್ ನಮ್ಮ ಬಲ್ಗೇರಿಯನ್ ಲಿಪಿಯಲ್ಲೇ ನಿಂತುಬಿಟ್ಟಿತ್ತು. ಚುಕ್ಕೆಗಳ ಹಿಂದೆ ನಾಯಿಯ ಹೆಸರು ಬೇರೆಯೇ ಅಕ್ಷರಗಳಲ್ಲಿ ಬೀಳುತ್ತಿತ್ತು.

"ಅಪ್ಪ ಈ ಆಲ್ಟ್-ಶಿಫ್ಟ್ ಉಪಾಯಾನ ಬರಕೊಂಡು ಫ್ರಿಜ್ಜಿಗೆ ಅಂಟಿಸ್ಕೊಂಡಿದಾರೆ. ಹೇಳಿಕೊಟ್ಟೋರು ನೀವೇ ಅಲ್ವಾ? ಟೀಚರ್ರೇ ಪಾಠ ಮರೆತ್ರೆ ಹೆಂಗೆ!" ಎಂದು ಕಿಂಚೊ ನಕ್ಕ.

ಒಳಗೆ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಡ್ಯಾನ್ಯೂಬ್‌ನಲ್ಲಿ ಹಿಡಿದ ಮೀನುಗಳ ಫೋಟೊ. ಅರ್ಧ ತುಂಬಿದ ಒಂದು ರಜೆ ಅರ್ಜಿ.

ಅಲ್ಲಿಂದ ನೇರ ಅತ್ತೆಯ ಮನೆಗೆ ಹೋದೆ. ಅಂಗಳದಲ್ಲಿ ದಪ್ಪಮೆಣಸಿನಕಾಯಿ ಸುಡುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು.

"ಹಾಗಾದ್ರೆ ಅವನು ಏನೂ ಮಾಡಿಲ್ಲ."

"ಇಲ್ಲ ಅತ್ತೆ. ತಪ್ಪು ನಂದು."

"ನಂಗ್ಯಾಕೆ ಹೇಳ್ತೀಯ? ನಾನು ನಂಬಿರಲಿಲ್ಲ. ನಂಬಿದೋರಿಗೆ ಹೇಳು."

ಕೈ ಒರೆಸಿಕೊಂಡು, ಪೆಂಕಾಳ ನಂಬರ್ ಒತ್ತಿ ಫೋನ್ ನನ್ನ ಕೈಗಿಟ್ಟರು.

"ಯಾರೇ ಅದು? ಮಾತಾಡೇ, ಒಲೆ ಮೇಲೆ ಹಾಲಿಟ್ಟಿದೀನಿ!" ಎಂದಳು ಪೆಂಕಾ.

ಯಾಸೆನ್ ಏನೂ ಮುಚ್ಚಿಟ್ಟಿರಲಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಆ ಮಧ್ಯಾಹ್ನ, ನಲವತ್ತನೆಯ ದಿನದ ಊಟಕ್ಕೆ ಬಂದಿದ್ದವರ ಏಳು ಮನೆಗೆ ಫೋನ್ ಮಾಡಿದೆ. ಏಳನೆಯದರಲ್ಲೂ ಮಾತು ಸುಲಭವಾಗಲಿಲ್ಲ.